ಗರ್ಭಪಾತದ ಮಾತ್ರೆ ಅಂದರೆ ಯಾವುದು? ಹೆಸರಿನ ಗೊಂದಲದಿಂದ ಯಾರಿಗೆ ತೊಂದರೆ?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಿಂದ ಬಂದ ಎರಡು ಸುದ್ದಿ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಎಂಬ ಮಾತ್ರೆ ಎಷ್ಟು ಸುರಕ್ಷಿತ ಎಂದು ಮತ್ತೆ ಪರಿಶೀಲಿಸುತ್ತಿದ್ದೇವೆ ಎಂದು ಅಲ್ಲಿನ ಆರೋಗ್ಯ ಸಚಿವ ರಾಬರ್ಟ್ ಕೆನಡಿ ಜೂನಿಯರ್ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಖ್ಯಸ್ಥ ಮಾರ್ಟಿ ಮಕಾರಿ ಪತ್ರ ಬರೆದರು. ತಿಂಗಳು ಮುಗಿಯುವಷ್ಟರಲ್ಲಿ ಅದೇ ಎಫ್‌ಡಿಎ ಅದೇ ಔಷಧಿಯ ಇನ್ನೊಂದು ಜನರಿಕ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ಓದುಗರು ತಲೆ ಕೆಡಿಸಿಕೊಂಡರೆ ಅವರ ತಪ್ಪೇನೂ ಇಲ್ಲ.

ಈ ಗೊಂದಲಕ್ಕೆ ಹೆಸರುಗಳೂ ಕಾರಣ. ಒಂದು ಸುದ್ದಿಯಲ್ಲಿ ಅದು ‘ಅಬಾರ್ಷನ್ ಪಿಲ್’, ಇನ್ನೊಂದರಲ್ಲಿ ‘ಕೆಮಿಕಲ್ ಅಬಾರ್ಷನ್’, ವೈದ್ಯರ ಮಾತಿನಲ್ಲಿ ‘ಮೆಡಿಕೇಷನ್ ಅಬಾರ್ಷನ್’. ನಮ್ಮ ಮೆಡಿಕಲ್ ಶಾಪಿನಲ್ಲಿ ‘ಎಂಟಿಪಿ ಕಿಟ್’ (ಎಂಟಿಪಿ ಅಂದರೆ ‘ಮೆಡಿಕಲ್ ಟರ್ಮಿನೇಷನ್ ಆಫ್ ಪ್ರೆಗ್ನೆನ್ಸಿ’, ವೈದ್ಯಕೀಯವಾಗಿ ಗರ್ಭ ಮುಗಿಸುವುದು). ಕನ್ನಡದಲ್ಲಿ ಗರ್ಭಪಾತದ ಮಾತ್ರೆ ಎನ್ನುವವರೂ ಇದ್ದಾರೆ, ತಪ್ಪಾಗಿ ಗರ್ಭನಿರೋಧಕ ಎಂದು ಕರೆಯುವವರೂ ಇದ್ದಾರೆ. ಯಾವ ಹೆಸರು ಅಂಟಿಕೊಳ್ಳುತ್ತದೆ ಎನ್ನುವುದರ ಮೇಲೆ ಮಾತ್ರೆ ಯಾವ ಕಪಾಟಿನಲ್ಲಿ ಇರುತ್ತದೆ, ಯಾರ ಕೈಗೆ ಸಿಗುತ್ತದೆ, ಯಾರ ಮೇಲೆ ಕೇಸ್ ಬೀಳುತ್ತದೆ ಎನ್ನುವುದೆಲ್ಲ ನಿಂತಿದೆ. ಹಾಗಾಗಿ ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಎರಡು ಮಾತ್ರೆ, ಎರಡು ಕೆಲಸ

ಗರ್ಭ ನಿಲ್ಲಬೇಕಾದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಬೇಕು. ಗರ್ಭಕೋಶದ ಒಳಪದರವನ್ನು ಕಾಪಾಡುವುದು ಅದೇ. ಮಿಫೆಪ್ರಿಸ್ಟೋನ್ ಆ ಹಾರ್ಮೋನ್ ಕೆಲಸ ಮಾಡದಂತೆ ತಡೆಯುತ್ತದೆ. ಆಗ ಒಳಪದರ ಸಡಿಲವಾಗುತ್ತದೆ, ಗರ್ಭಕೋಶದ ಬಾಯಿ ಮೆತ್ತಗಾಗುತ್ತದೆ. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ ಕೊಡುತ್ತಾರೆ. ಇದು ಗರ್ಭಕೋಶ ಬಿಗಿಯಾಗಿ ಹಿಂಡಿಕೊಳ್ಳುವಂತೆ ಮಾಡುತ್ತದೆ. ಹೊಟ್ಟೆನೋವು ಬರುತ್ತದೆ, ಮುಟ್ಟಿಗಿಂತ ಜಾಸ್ತಿ ರಕ್ತ ಹೋಗುತ್ತದೆ, ಗರ್ಭ ಹೊರಗೆ ಬರುತ್ತದೆ.

ಮಿಫೆಪ್ರಿಸ್ಟೋನ್ ಹುಟ್ಟಿದ್ದು ಫ್ರಾನ್ಸಿನಲ್ಲಿ, 1980ರ ದಶಕದ ಆರಂಭದಲ್ಲಿ. ರೂಸೆಲ್ ಉಕ್ಲಾಫ್ ಕಂಪನಿಯ ಪ್ರಯೋಗಾಲಯದಲ್ಲಿ ಇದಕ್ಕಿದ್ದ ಹೆಸರು ಆರ್‌ಯು-486. 1988ರಲ್ಲಿ ಫ್ರಾನ್ಸ್ ಒಪ್ಪಿಗೆ ಕೊಟ್ಟಿತು. ಪ್ರತಿಭಟನೆಗೆ ಹೆದರಿ ಕಂಪನಿ ಸ್ವಲ್ಪ ದಿನದಲ್ಲೇ ಮಾತ್ರೆ ವಾಪಸ್ ತೆಗೆದುಕೊಂಡಿತು. ಇದು ಹೆಣ್ಣುಮಕ್ಕಳ ನೈತಿಕ ಆಸ್ತಿ ಎಂದು ಹೇಳಿದ ಆರೋಗ್ಯ ಸಚಿವ ಕ್ಲೋಡ್ ಎವಾಂ, ಮತ್ತೆ ಮಾರಾಟಕ್ಕೆ ಇಡುವಂತೆ ಆದೇಶ ಹೊರಡಿಸಿದರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ, ಭಾರತದಲ್ಲಿ 2002ರಲ್ಲಿ.

ಮಿಸೊಪ್ರೊಸ್ಟಾಲ್ ಕಥೆ ಪೂರ್ತಿ ಬೇರೆ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡವರಿಗಾಗಿ ಬಂದ ಔಷಧಿ ಅದು. ಬಸುರಿಯರು ತೆಗೆದುಕೊಂಡರೆ ಗರ್ಭ ಹೋಗಬಹುದು ಎನ್ನುವುದು ಎಚ್ಚರಿಕೆಯ ಮಾತಾಗಿತ್ತು. ಗರ್ಭಪಾತಕ್ಕೆ ಕಟ್ಟುನಿಟ್ಟಿನ ಕಾನೂನಿದ್ದ ಬ್ರೆಜಿಲ್‌ನಲ್ಲಿ 1980ರ ದಶಕದ ಕೊನೆಗೆ ಹೆಂಗಸರು ಆ ಎಚ್ಚರಿಕೆಯಲ್ಲೇ ದಾರಿ ಕಂಡುಕೊಂಡರು. ವೈದ್ಯರು ಅದನ್ನು ಅಧ್ಯಯನ ಮಾಡಿದ್ದು ಆಮೇಲೆ.

ಇವತ್ತು ಮಿಫೆಪ್ರಿಸ್ಟೋನ್ ಅನ್ನು ಕುಶಿಂಗ್ಸ್ ಸಿಂಡ್ರೋಮ್ ಎಂಬ ಹಾರ್ಮೋನ್ ಕಾಯಿಲೆ ಇರುವ ಕೆಲವರಲ್ಲಿ ರಕ್ತದ ಸಕ್ಕರೆ ಹತೋಟಿಗೂ ಕೊಡುತ್ತಾರೆ. ಮಿಸೊಪ್ರೊಸ್ಟಾಲ್ ಹೆರಿಗೆಯಾದ ಮೇಲಿನ ರಕ್ತಸ್ರಾವ ತಡೆಯುತ್ತದೆ. ಹೊಟ್ಟೆಯಲ್ಲಿ ಮಗುವಿನ ಹೃದಯ ಬಡಿತ ನಿಂತುಹೋದಾಗ ಗರ್ಭಕೋಶ ಖಾಲಿ ಮಾಡಲು ಎರಡನ್ನೂ ಕೊಡುವುದುಂಟು. ಅಂದರೆ ಗರ್ಭಪಾತ ಎನ್ನುವುದು ಈ ಔಷಧಿಗಳ ಒಂದು ಬಳಕೆ. ಮಾತ್ರೆಗೇ ಆ ಹೆಸರು ಅಂಟಿಸಿ ಕಾನೂನು ಬರೆದರೆ ಉಳಿದ ಬಳಕೆಗಳೂ ಅದರ ಜೊತೆ ಸಿಕ್ಕಿಹಾಕಿಕೊಳ್ಳುತ್ತವೆ.

ತಡೆಯುವುದು ಬೇರೆ, ಮುಗಿಸುವುದು ಬೇರೆ

ನಮ್ಮಲ್ಲಿ ಅತಿ ಜಾಸ್ತಿ ಗೊಂದಲ ಇರುವುದು ಇಲ್ಲಿ. ಐ-ಪಿಲ್, ಅನ್‌ವಾಂಟೆಡ್-72 ಎಂಬ ಹೆಸರಿನಲ್ಲಿ ಸಿಗುವುದು ಲಿವೊನಾರ್ಜೆಸ್ಟ್ರೆಲ್. ಇದು ತುರ್ತು ಗರ್ಭನಿರೋಧಕ. ಅಂಡಾಣು ಬಿಡುಗಡೆಯಾಗುವುದನ್ನು ಮುಂದಕ್ಕೆ ಹಾಕಿ, ಗರ್ಭ ಕಟ್ಟದಂತೆ ನೋಡಿಕೊಳ್ಳುತ್ತದೆ. ಗರ್ಭ ಈಗಾಗಲೇ ನಿಂತಿದ್ದರೆ ಇದರಿಂದ ಏನೂ ಆಗುವುದಿಲ್ಲ. 2005ರಿಂದ ಭಾರತದಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುತ್ತದೆ.

ಎಂಟಿಪಿ ಕಿಟ್ ಬೇರೆಯೇ. ಒಂದು ಪಟ್ಟಿಯಲ್ಲಿ 200 ಮಿಲಿಗ್ರಾಂನ ಒಂದು ಮಿಫೆಪ್ರಿಸ್ಟೋನ್, 200 ಮೈಕ್ರೊಗ್ರಾಂನ ನಾಲ್ಕು ಮಿಸೊಪ್ರೊಸ್ಟಾಲ್. ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೆ ಅಂಗಡಿಯ ಕೌಂಟರಿನಲ್ಲಿ ನಿಂತವರ ಕಷ್ಟ ನೋಡಿ: ಅನ್‌ವಾಂಟೆಡ್-72 ಗರ್ಭ ತಡೆಯುವ ಮಾತ್ರೆ, ಅನ್‌ವಾಂಟೆಡ್ ಕಿಟ್ ಗರ್ಭ ಮುಗಿಸುವ ಮಾತ್ರೆ. ಕಂಪನಿ ಒಂದೇ, ಹೆಸರಿನ ಮೊದಲ ಭಾಗವೂ ಒಂದೇ. ಅಕ್ಕಪಕ್ಕ ಯಾರಾದರೂ ಪರಿಚಯದವರು ಇದ್ದಾರಾ ಎಂದು ನೋಡಿಕೊಂಡು ಪಿಸುಮಾತಿನಲ್ಲಿ ಕೇಳುವ ವಸ್ತು ಇದು. ಆ ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರುವುದು ಕಷ್ಟವೇನಲ್ಲ. ಇಷ್ಟು ಬೇರೆ ಬೇರೆ ಕೆಲಸದ ಔಷಧಿಗಳಿಗೆ ಇಷ್ಟು ಹತ್ತಿರದ ಹೆಸರು ಇಡಲು ಬಿಟ್ಟಿದ್ದೇ ತಪ್ಪು.

ಪರಿಣಾಮ ಎರಡೂ ಕಡೆಗಿದೆ. ಮುಟ್ಟು ನಿಂತ ಮೇಲೆ ಐ-ಪಿಲ್ ನುಂಗಿ ಎಲ್ಲ ಸರಿಹೋಗುತ್ತದೆ ಎಂದು ಕಾಯುವ ಹುಡುಗಿ ಮುಖ್ಯವಾದ ವಾರಗಳನ್ನು ಕಳೆದುಕೊಳ್ಳುತ್ತಾಳೆ. ಇನ್ನೊಂದು ಕಡೆ, ಐ-ಪಿಲ್ ಅಂದರೆ ಗರ್ಭಪಾತ ಎಂದು ನಂಬಿದವರು ತಪ್ಪು ಮಾಡುತ್ತಿದ್ದೇನೆ ಎಂದು ಹೆದರಿ ಅದನ್ನು ಮುಟ್ಟುವುದೇ ಇಲ್ಲ. ಕೊನೆಗೆ ಅವರಿಗೇ ಗರ್ಭಪಾತ ಬೇಕಾಗುವ ಪರಿಸ್ಥಿತಿ ಬರಬಹುದು.

ಔಷಧಿಗಳ ಮೂರನೆಯ ಗುಂಪೂ ಇದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇಂಥವು ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಗೆ ಹಾನಿ ಮಾಡಬಹುದು. ಅದಕ್ಕೇ ಬಸುರಿಯರು ತೆಗೆದುಕೊಳ್ಳಬಾರದು ಎನ್ನುತ್ತಾರೆ. ಇವು ಗರ್ಭ ತೆಗೆಯುವ ಔಷಧಿಗಳಲ್ಲ. ‘ಹೀಟು’ ಆಗುವ ಮಾತ್ರೆ ಎಲ್ಲವೂ ಒಂದೇ ಎಂದುಕೊಂಡು ಇಂಥದ್ದನ್ನು ನುಂಗಿದರೆ ಗರ್ಭ ಉಳಿದು, ಮಗುವಿಗೆ ಪೆಟ್ಟಾಗುವ ಅಪಾಯವಿದೆ.

ಅಮೆರಿಕದಲ್ಲಿ ಪದಗಳದ್ದೇ ಜಗಳ

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿತು. ಪ್ರತಿ ರಾಜ್ಯವೂ ತನ್ನದೇ ಕಾನೂನು ಮಾಡಿಕೊಳ್ಳುವಂತಾಯಿತು. ಅಷ್ಟೊತ್ತಿಗೆ ಅಲ್ಲಿ ಅರ್ಧಕ್ಕಿಂತ ಜಾಸ್ತಿ ಗರ್ಭಪಾತ ಮಾತ್ರೆಯಿಂದಲೇ ಆಗುತ್ತಿತ್ತು. ಆಸ್ಪತ್ರೆಗೆ ಬೀಗ ಹಾಕಬಹುದು, ಅಂಚೆಯಲ್ಲಿ ಬರುವ ಮಾತ್ರೆಗೆ ಹೇಗೆ ಬೀಗ ಹಾಕುವುದು? ಜಗಳ ಮಾತ್ರೆಯ ಸುತ್ತ ಬಂದು ನಿಂತದ್ದು ಹೀಗೆ.

ವಿರೋಧಿಸುವವರು ‘ಕೆಮಿಕಲ್ ಅಬಾರ್ಷನ್’ ಎನ್ನುತ್ತಾರೆ. ಕೆಮಿಕಲ್ ಎಂದ ತಕ್ಷಣ ವಿಷ, ಆ್ಯಸಿಡ್ ನೆನಪಾಗುತ್ತದೆ, ಅಲ್ವಾ? ಪ್ಯಾರಾಸಿಟಮಾಲ್ ಕೂಡ ಕೆಮಿಕಲ್ಲೇ, ಆದರೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ವೈದ್ಯರ ಸಂಘಗಳು ‘ಮೆಡಿಕೇಷನ್ ಅಬಾರ್ಷನ್’ ಎನ್ನುತ್ತವೆ. ಹಳೆಯ ‘ಮೆಡಿಕಲ್ ಅಬಾರ್ಷನ್’ ಎಂಬ ಪದದಲ್ಲೂ ತೊಡಕಿತ್ತು: ಕಾಯಿಲೆಯ ಕಾರಣಕ್ಕೆ ಮಾಡಿಸುವ ಗರ್ಭಪಾತ ಎಂದು ಕೆಲವರು ಅರ್ಥ ಮಾಡಿಕೊಳ್ಳುತ್ತಿದ್ದರು. ಮಿಫೆಪ್ರಿಸ್ಟೋನ್ ಹಿಂದಿನ ವಿಜ್ಞಾನಿ ಎಟಿಯೆನ್-ಎಮಿಲ್ ಬೋಲ್ಯೂ ‘ಅಬಾರ್ಷನ್’ ಎಂಬ ಪದವೇ ಬೇಡ ಎಂದು ‘ಕಾಂಟ್ರಾಜೆಸ್ಚನ್’ ಎಂಬ ಹೊಸ ಪದವನ್ನೇ ಮುಂದಿಟ್ಟಿದ್ದರು. ಅದು ಹಿಡಿಯಲಿಲ್ಲ.

ಈ ಪದಗಳು ಕೋರ್ಟ್ ಒಳಗೂ ಬಂದವು. 2023ರ ಏಪ್ರಿಲ್ 7ರಂದು ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶ ಮ್ಯಾಥ್ಯೂ ಕ್ಯಾಸ್ಮರಿಕ್, ಮಿಫೆಪ್ರಿಸ್ಟೋನ್‌ಗೆ 2000ದಲ್ಲಿ ಕೊಟ್ಟ ಒಪ್ಪಿಗೆಯನ್ನೇ ತಡೆಹಿಡಿಯುವ ಆದೇಶ ಬರೆದರು. ಆ ಆದೇಶದ ಉದ್ದಕ್ಕೂ ಬಳಸಿದ್ದು ‘ಕೆಮಿಕಲ್ ಅಬಾರ್ಷನ್’. ಭ್ರೂಣಕ್ಕೆ ಬಳಸಿದ್ದು ‘ಇನ್ನೂ ಹುಟ್ಟದ ಮನುಷ್ಯ’ ಎಂಬ ಮಾತು. ತೀರ್ಪು ಯಾವ ಕಡೆ ಹೋಗುತ್ತದೆ ಎಂದು ಪದಗಳಲ್ಲೇ ಗೊತ್ತಾಗುತ್ತಿತ್ತು. 2024ರ ಜೂನ್ 13ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಮೊಕದ್ದಮೆಯನ್ನು ತಳ್ಳಿಹಾಕಿತು. ದೂರು ಕೊಟ್ಟವರಿಗೆ ಸ್ವಂತ ನಷ್ಟ ಏನೂ ಆಗಿಲ್ಲ, ಹಾಗಾಗಿ ಕೇಸ್ ಹಾಕುವ ಹಕ್ಕಿಲ್ಲ ಎನ್ನುವುದು ಕಾರಣ. ಮಾತ್ರೆ ಸರಿಯೋ ತಪ್ಪೋ ಎಂದು ಕೋರ್ಟ್ ಹೇಳಲಿಲ್ಲ. ಅದಕ್ಕೇ ಜಗಳ ಮುಗಿಯಲೂ ಇಲ್ಲ.

2025ರ ಪರಿಶೀಲನೆಯ ಹಿಂದೆಯೂ ಒಂದು ಪದದ ಪ್ರಶ್ನೆ ಇದೆ: ‘ಗಂಭೀರ ದುಷ್ಪರಿಣಾಮ’. ಎಫ್‌ಡಿಎ ಮಾಹಿತಿ ಪ್ರಕಾರ ಮಿಫೆಪ್ರಿಸ್ಟೋನ್‌ನಿಂದ ಅಂಥದ್ದು ಆಗುವುದು ಶೇ 0.5ಕ್ಕಿಂತ ಕಡಿಮೆ. ಗರ್ಭಪಾತ ವಿರೋಧಿಸುವ ಒಂದು ಚಿಂತನಾ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ವಿಮೆ ದಾಖಲೆಗಳನ್ನು ಲೆಕ್ಕ ಹಾಕಿ ಸುಮಾರು ಶೇ 11 ಎಂದಿತು. ಇಷ್ಟು ದೊಡ್ಡ ವ್ಯತ್ಯಾಸ ಹೇಗೆ? ಆ ವರದಿ ತುರ್ತು ಚಿಕಿತ್ಸೆ ವಿಭಾಗಕ್ಕೆ ಹೋದವರನ್ನೂ, ಗರ್ಭಪಾತ ಪೂರ್ತಿಯಾಗದೆ ಮತ್ತೆ ಚಿಕಿತ್ಸೆ ಬೇಕಾದವರನ್ನೂ, ಗರ್ಭಕೋಶದ ಹೊರಗೆ ಗರ್ಭ ಕಟ್ಟಿದವರನ್ನೂ ಇದೇ ಲೆಕ್ಕಕ್ಕೆ ಸೇರಿಸಿತ್ತು. ರಕ್ತ ನೋಡಿ ಗಾಬರಿಯಾಗಿ ಆಸ್ಪತ್ರೆಗೆ ಹೋಗಿ, ಏನೂ ಇಲ್ಲ ಎನಿಸಿಕೊಂಡು ಮನೆಗೆ ಬಂದವರೂ ಅದರಲ್ಲಿ ಇರಬಹುದು. ಗರ್ಭ ಹೊರಗೆ ಕಟ್ಟುವುದಂತೂ ಮಾತ್ರೆಯಿಂದ ಆಗುವುದಲ್ಲ. ವಿಜ್ಞಾನ ಪತ್ರಿಕೆಗಳಲ್ಲಿ ನಡೆಯುವ ತಜ್ಞರ ಪರಿಶೀಲನೆಗೂ ಆ ವರದಿ ಒಳಪಟ್ಟಿರಲಿಲ್ಲ. ಇಂಥ ಲೆಕ್ಕದ ಮೇಲೆ ಔಷಧಿಯ ಭವಿಷ್ಯ ನಿರ್ಧಾರವಾಗಬಾರದು.

ಜನರಿಕ್‌ಗೆ ಒಪ್ಪಿಗೆ ಸಿಕ್ಕಿದ್ದಕ್ಕೆ ಕಾರಣ ಸರಳ. ಮೂಲ ಔಷಧಿಗೆ ಸಮನಾಗಿದೆ ಎಂದು ಕಂಪನಿ ತೋರಿಸಿದರೆ ಎಫ್‌ಡಿಎ ಒಪ್ಪಲೇಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಪರಿಶೀಲನೆ ನಡೆಯುತ್ತಿದೆ ಎನ್ನುವುದು ಅದಕ್ಕೆ ಅಡ್ಡಿಯಲ್ಲ.

ಲೂಸಿಯಾನಾದ ಬೀಗ

ಹೆಸರು ಮಾತ್ರೆಗೇ ಅಂಟಿದರೆ ಏನಾಗುತ್ತದೆ ಎನ್ನುವುದಕ್ಕೆ ಲೂಸಿಯಾನಾ ರಾಜ್ಯವೇ ಉದಾಹರಣೆ. 2024ರ ಅಕ್ಟೋಬರ್ 1ರಿಂದ ಅಲ್ಲಿ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಎರಡೂ ‘ಅಪಾಯಕಾರಿ ನಿಯಂತ್ರಿತ ವಸ್ತು’. ಚಟ ಹಿಡಿಸಬಹುದಾದ ನಿದ್ದೆ ಮಾತ್ರೆಗಳು ಇರುವ ಪಟ್ಟಿಯಲ್ಲೇ ಇವನ್ನೂ ಸೇರಿಸಿದ್ದಾರೆ. ಚೀಟಿ ಇಲ್ಲದೆ ಇಟ್ಟುಕೊಂಡರೆ ಜೈಲು. ಬಸುರಿ ತನಗಾಗಿ ಇಟ್ಟುಕೊಂಡರೆ ಮಾತ್ರ ವಿನಾಯಿತಿ. ಈ ಮಾತ್ರೆಗಳಿಗೆ ಯಾರೂ ಚಟ ಬೀಳುವುದಿಲ್ಲ.

ಕಾನೂನು ತಂದವರಿಗೆ ಕಾರಣವೇ ಇರಲಿಲ್ಲ ಎಂದಲ್ಲ. ಗಂಡನೊಬ್ಬ ಬಸುರಿ ಹೆಂಡತಿಗೆ ಗೊತ್ತಾಗದಂತೆ ಕುಡಿಯುವುದರಲ್ಲಿ ಮಾತ್ರೆ ಬೆರೆಸಿದ ಪ್ರಕರಣ ಅವರ ಮುಂದಿತ್ತು. ಅದು ಕ್ರೂರ ಅಪರಾಧ, ಕಠಿಣ ಶಿಕ್ಷೆ ಆಗಲೇಬೇಕು. ಆದರೆ ಶಿಕ್ಷೆ ಆ ಕೃತ್ಯಕ್ಕೆ ಆಗಬೇಕಿತ್ತು. ಇಲ್ಲಿ ಬೀಗ ಬಿದ್ದದ್ದು ಔಷಧಿಗೆ.

ಹೆರಿಗೆ ವಾರ್ಡಿನಲ್ಲಿ ಮಿಸೊಪ್ರೊಸ್ಟಾಲ್ ಅನ್ನು ತುರ್ತು ಔಷಧಿಗಳ ಟ್ರಾಲಿಯಲ್ಲೇ ಇಡುತ್ತಿದ್ದರು. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಸುರಿಯಲು ಶುರುವಾದರೆ ನರ್ಸ್ ಕೈ ಚಾಚಿ ತೆಗೆದುಕೊಳ್ಳಬಹುದಿತ್ತು. ನಿಯಂತ್ರಿತ ಪಟ್ಟಿಗೆ ಸೇರಿದ ಮೇಲೆ ಅದು ಬೀಗ ಹಾಕಿದ ಕಪಾಟಿಗೆ ಹೋಯಿತು. ಇನ್ನೂರಕ್ಕೂ ಹೆಚ್ಚು ವೈದ್ಯರು ಮೊದಲೇ ಸಹಿ ಹಾಕಿ ಎಚ್ಚರಿಸಿದ್ದರು. ಬಾಣಂತಿಯ ರಕ್ತ ಸುರಿಯುವಾಗ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಮೆಥೊಟ್ರೆಕ್ಸೇಟ್‌ಗೂ ಇಂಥದ್ದೇ ಆಯಿತು. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ವರ್ಷಗಟ್ಟಲೆ ಕೊಡುವ ಔಷಧಿ ಅದು. ಗರ್ಭಕೋಶದ ಹೊರಗೆ ಕಟ್ಟಿದ ಗರ್ಭಕ್ಕೂ ಕೊಡುತ್ತಾರೆ. ಟೆಕ್ಸಾಸ್‌ನ 2021ರ ಕಾನೂನು ಅದನ್ನೂ ಗರ್ಭಪಾತದ ಔಷಧಿಗಳ ಸಾಲಿಗೆ ಸೇರಿಸಿತು. 2022ರಲ್ಲಿ ಕೀಲು ನೋವಿನ ರೋಗಿಗಳು ಮಾಮೂಲಿ ಮಾತ್ರೆ ಕೇಳಿದರೂ ಅಂಗಡಿಯವರು ಅನುಮಾನದಿಂದ ನೋಡಿ ತಡ ಮಾಡಿದ ದೂರುಗಳು ಬಂದವು.

ಇದೇ ಮಾತ್ರೆ ಬೆಳಗಾವಿಯಲ್ಲಿ

ಲೂಸಿಯಾನಾದಲ್ಲಿ ಬೀಗ ಬಿದ್ದ ಮಿಸೊಪ್ರೊಸ್ಟಾಲ್‌ಗೆ ಕರ್ನಾಟಕದಲ್ಲಿ ಬೇರೆಯೇ ಚರಿತ್ರೆ ಇದೆ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ, ಗೊತ್ತಿರಬೇಕು.

ಹೆರಿಗೆ ಆದ ಮೇಲಿನ ರಕ್ತಸ್ರಾವ ಭಾರತದಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣ. ಇದಕ್ಕೆ ಒಳ್ಳೆಯ ಔಷಧಿ ಆಕ್ಸಿಟೋಸಿನ್. ಆದರೆ ಅದನ್ನು ಚುಚ್ಚುಮದ್ದಾಗಿ ಕೊಡಬೇಕು, ತಂಪಾಗಿ ಇಡಬೇಕು. ಕರೆಂಟ್ ಬಂದು ಹೋಗುವ ಊರಿನಲ್ಲಿ, ಮನೆಯಲ್ಲೇ ಹೆರಿಗೆ ಆಗುವಾಗ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 2002ರಿಂದ 2005ರವರೆಗೆ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 1,620 ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರ್‌ಗಳು. ಅರ್ಧ ಜನರಿಗೆ ಮಗು ಹುಟ್ಟಿದ ತಕ್ಷಣ ನುಂಗಲು 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, ಉಳಿದವರಿಗೆ ಔಷಧಿ ಇಲ್ಲದ ಅಂಥದ್ದೇ ಮಾತ್ರೆ.

ಔಷಧಿ ಇಲ್ಲದ ಮಾತ್ರೆ ಪಡೆದವರಲ್ಲಿ ಶೇ 12 ಇದ್ದ ರಕ್ತಸ್ರಾವ ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಬಂತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಬೆಳಗಾವಿಯ ಸಿಸ್ಟರ್ ಕೈಯಲ್ಲಿ ಅದನ್ನು ಯಾರೂ ಗರ್ಭಪಾತದ ಮಾತ್ರೆ ಎಂದು ಕರೆಯಲಿಲ್ಲ. ಕರೆದಿದ್ದರೆ ಎಷ್ಟು ಮನೆಯವರು ಬಾಣಂತಿಗೆ ನುಂಗಿಸಲು ಬಿಡುತ್ತಿದ್ದರು?

ಭಾರತದ ಕಾನೂನು, ಭಾರತದ ಅಂಗಡಿ

ಭಾರತದಲ್ಲಿ ಗರ್ಭಪಾತ ಹಕ್ಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಕಾನೂನಿನ ಅಕ್ಷರ ಹಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 88ರಲ್ಲಿ ಗರ್ಭಪಾತ ಮಾಡುವುದು ಈಗಲೂ ಅಪರಾಧ. ತಾನೇ ಮಾಡಿಕೊಂಡ ಹೆಂಗಸೂ ಅದರೊಳಗೆ ಬರುತ್ತಾಳೆ. 1971ರ ಎಂಟಿಪಿ ಕಾಯ್ದೆ ಆ ಅಪರಾಧಕ್ಕೆ ಕೊಟ್ಟಿರುವ ವಿನಾಯಿತಿ. ಅರ್ಹ ವೈದ್ಯರು ಕಾನೂನಿನ ಷರತ್ತಿನೊಳಗೆ ಮಾಡಿದರೆ ಅದು ‘ಟರ್ಮಿನೇಷನ್’. 2021ರ ತಿದ್ದುಪಡಿ ನಂತರ 20 ವಾರದವರೆಗೆ ಒಬ್ಬ ವೈದ್ಯರು, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು. ಮದುವೆಯಾಗದವರನ್ನು ಆ ವರ್ಗಗಳಿಂದ ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾತ್ರೆಯ ಕಿಟ್‌ಗೆ ಒಪ್ಪಿಗೆ ಇರುವುದು 9 ವಾರದವರೆಗೆ.

ಇದು ಕಾಗದದ ಮಾತು. 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತ ಆಗಿತ್ತು ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಅದರಲ್ಲಿ ಶೇ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಅಂದರೆ ಈ ವಿಷಯದಲ್ಲಿ ನಿಜವಾಗಿ ಮಾಹಿತಿ ಕೊಡುತ್ತಿರುವವರು ಅಂಗಡಿಯವರು, ಗೆಳತಿಯರು, ಮೊಬೈಲ್. ಹೆಸರಿನ ಗೊಂದಲ ಇಷ್ಟು ದುಬಾರಿಯಾಗುವುದು ಅದಕ್ಕೇ.

ಇನ್ನೊಂದು ಪದ ಇದರೊಳಗೆ ನುಗ್ಗಿದೆ: ಭ್ರೂಣಹತ್ಯೆ. ಹೆಣ್ಣೆಂದು ತಿಳಿದು ತೆಗೆಸುವುದು ಘೋರ ಅನ್ಯಾಯ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಆದರೆ ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ಎಂದು ಕಾಣುವುದು ಸುಮಾರು ಮೂರು ತಿಂಗಳು ಕಳೆದ ಮೇಲೆ. ಕಿಟ್‌ನ ಅವಧಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಹಾಗಿದ್ದರೂ ಭ್ರೂಣಹತ್ಯೆ ತಡೆಯುವ ಹೆಸರಿನಲ್ಲಿ ಕಿಟ್ ಮೇಲೆ ಕಣ್ಣಿಟ್ಟಾಗ ಅಂಗಡಿಯವರು ‘ಈ ರಗಳೆಯೇ ಬೇಡ’ ಎಂದು ಇಡುವುದನ್ನೇ ನಿಲ್ಲಿಸುತ್ತಾರೆ. ವೈದ್ಯರ ಚೀಟಿ ಹಿಡಿದು ಬಂದವರಿಗೂ ಮಾತ್ರೆ ಸಿಗುವುದಿಲ್ಲ. ಅವರು ಎಲ್ಲೋ, ಯಾರಿಂದಲೋ, ಏನನ್ನೋ ತರುತ್ತಾರೆ. ಸ್ಕ್ಯಾನಿಂಗ್ ಜಾಲಕ್ಕೆ ಇದರಿಂದ ಏನೂ ಆಗುವುದಿಲ್ಲ.

‘ತೆಗೆಸಿದ್ದಾ, ಹೋಗಿದ್ದಾ?’

ಆಸ್ಪತ್ರೆಯ ಕಾಗದದಲ್ಲೂ ಈ ಗೊಂದಲ ಮುಂದುವರಿಯುತ್ತದೆ. ವೈದ್ಯಕೀಯ ಭಾಷೆಯಲ್ಲಿ ತಾನಾಗಿ ಹೋದ ಗರ್ಭಕ್ಕೂ ‘ಅಬಾರ್ಷನ್’ ಎಂದೇ ಹೇಳುವ ರೂಢಿ ಹಳೆಯದು. ಮಗುವಿನ ಬಡಿತ ನಿಂತು ಗರ್ಭ ಒಳಗೇ ಉಳಿದಿದ್ದರೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಮಿಸ್ಡ್ ಅಬಾರ್ಷನ್’. ಸ್ವಲ್ಪ ಹೊರಬಂದು ಸ್ವಲ್ಪ ಉಳಿದರೆ ‘ಇನ್‌ಕಂಪ್ಲೀಟ್ ಅಬಾರ್ಷನ್’. ರಕ್ತ ಕಂಡಿದ್ದರೂ ಗರ್ಭ ಉಳಿಯಬಹುದು ಎನ್ನುವಾಗಲೂ ‘ಥ್ರೆಟನ್ಡ್ ಅಬಾರ್ಷನ್’.

ಬೇಕೆಂದು ಕಾದಿದ್ದ ಮಗು ಕಳೆದುಕೊಂಡವಳ ಡಿಸ್ಚಾರ್ಜ್ ಕಾಗದವನ್ನು ಅತ್ತೆ ಮನೆಯಲ್ಲಿ ಯಾರೋ ಓದುತ್ತಾರೆ. ಅಬಾರ್ಷನ್ ಎಂಬ ಪದ ಕಾಣುತ್ತದೆ. ತೆಗೆಸಿದ್ದಾ, ಹೋಗಿದ್ದಾ ಎಂಬ ಪ್ರಶ್ನೆ ಶುರು. ದುಃಖದ ಮೇಲೆ ಅನುಮಾನವೂ ಸೇರುತ್ತದೆ. ಬ್ರಿಟನ್‌ನ ವೈದ್ಯರು 1980ರ ದಶಕದಲ್ಲೇ ತಾನಾಗಿ ಹೋದ ಗರ್ಭಕ್ಕೆ ‘ಮಿಸ್‌ಕ್ಯಾರೇಜ್’ ಎಂದೇ ಬರೆಯಿರಿ ಎಂದು ಒತ್ತಾಯಿಸಲು ಶುರು ಮಾಡಿದರು. ಕನ್ನಡದಲ್ಲಿ ಇದಕ್ಕೆ ಗರ್ಭಸ್ರಾವ ಎಂಬ ಪದ ಮೊದಲೇ ಇದೆ. ಗರ್ಭಪಾತ, ಗರ್ಭಸ್ರಾವ ಎರಡನ್ನೂ ಬೇರೆ ಬೇರೆಯಾಗಿ ಬಳಸುವುದು ನಮ್ಮ ವೈದ್ಯರಿಗೂ ಪತ್ರಕರ್ತರಿಗೂ ಕಷ್ಟವಾಗಬಾರದು.

ಮುಂದೆ ಏನಾಗಬಹುದು

ಅಮೆರಿಕದ ಪರಿಶೀಲನೆ ಹೇಗೆ ಮುಗಿದರೂ ಭಾರತದ ಒಪ್ಪಿಗೆ ತಾನಾಗಿ ಬದಲಾಗುವುದಿಲ್ಲ. ಇಲ್ಲಿ ನಿರ್ಧರಿಸುವುದು ನಮ್ಮ ಔಷಧ ನಿಯಂತ್ರಕರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡು ಮಾತ್ರೆಗಳ ಜೋಡಿಯನ್ನು ಅಗತ್ಯ ಔಷಧಿಗಳ ಮುಖ್ಯ ಪಟ್ಟಿಗೆ ತಂದಿದೆ. ಅಮೆರಿಕದ ರಾಜಕೀಯದಿಂದ ಅದೂ ಅಳಿಸಿಹೋಗುವುದಿಲ್ಲ. ಆದರೆ ಪದಗಳು ಬೇಗ ದಾಟಿ ಬರುತ್ತವೆ. ‘ಕೆಮಿಕಲ್ ಅಬಾರ್ಷನ್’ ಎಂಬುದು ‘ರಾಸಾಯನಿಕ ಗರ್ಭಪಾತ’ವಾಗಿ ನಮ್ಮ ಸುದ್ದಿಗೂ ಬಂದರೆ, ಮೊದಲೇ ಹೆದರಿರುವ ಅಂಗಡಿಯವರು ಇನ್ನಷ್ಟು ಹೆದರುತ್ತಾರೆ.

ಮಾತ್ರೆ ತೆಗೆದುಕೊಂಡವರಿಗೆ ಹೆಸರು ಗೊತ್ತಿದ್ದರೆ ಒಂದು ದೊಡ್ಡ ಉಪಯೋಗವಿದೆ. ಸತತ ಎರಡು ಗಂಟೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ ಇಳಿಯದಿದ್ದರೆ, ತಲೆ ಸುತ್ತಿ ಬಿದ್ದರೆ ಸುಮ್ನೆ ಮನೆಯಲ್ಲಿ ಕೂರಬಾರದು. ಆಸ್ಪತ್ರೆಯಲ್ಲಿ ‘ಏನೋ ಮಾತ್ರೆ’ ಎನ್ನುವ ಬದಲು ಯಾವ ಮಾತ್ರೆ, ಯಾವಾಗ, ಎಷ್ಟು ಎಂದು ಹೇಳಿದರೆ ವೈದ್ಯರಿಗೆ ಸಮಯ ಉಳಿಯುತ್ತದೆ. ಎಂಟಿಪಿ ಕಾಯ್ದೆಯ ಸೆಕ್ಷನ್ 5ಎ ಪ್ರಕಾರ ಗರ್ಭಪಾತ ಮಾಡಿಸಿಕೊಂಡವಳ ಹೆಸರು, ವಿವರವನ್ನು ವೈದ್ಯರು ಕಾನೂನು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಒಂದು ವರ್ಷದವರೆಗೆ ಜೈಲು ಇದೆ. ಹೊಟ್ಟೆಯ ಒಂದೇ ಪಕ್ಕದಲ್ಲಿ ಚುಚ್ಚಿದಂತೆ ನೋವಿದ್ದರೆ ಸ್ಕ್ಯಾನಿಂಗ್ ಆಗಲೇಬೇಕು. ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ಕಟ್ಟಿದ್ದರೆ ಈ ಕಿಟ್ ಕೆಲಸ ಮಾಡುವುದಿಲ್ಲ. ರಕ್ತ ಹೋಯಿತಲ್ಲ, ಮುಗಿಯಿತು ಎಂದುಕೊಂಡಿರುವಾಗಲೇ ನಾಳ ಒಡೆಯಬಹುದು.